ಖಿಡಕಿಯಿಂದ ಕೊಟ್ಟ ಸ್ಪ್ರಿಂಗು

ಮತ್ತೆ ಕಥೆಯ ನಡುವೆ ಬಾಯಿ ಹಾಕಿದಿ ನೋಡು, ಕ್ಯಾಥರಿನ. ಮೊದಲು ನನ್ನ ಮಗಳಿಗೆ ನೀರಡಿಕೆ, ಆಮೇಲೆ ನಿನ್ನ ಗಂಡನ ಕೆಮ್ಮು, ಈಗ ನೀನು. ದೆವ್ವಕ್ಕಾದರೂ ಸಮಾಧಾನ ಇರುತ್ತದೆ, ನಿಮಗಿಲ್ಲ. ಇನ್ನೊಮ್ಮೆ ತಡೆದರೆ ನಾನು ಮಲಗುವವಳೇ.

ಲಾತೂರಿಗೆ ರೈಲಿನಲ್ಲಿ ನೀರು ಬಂದ ಬರದ ವರ್ಷ. ಭಾಲ್ಕಿಯ ನಮ್ಮ ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ. ನನ್ನ ಗಂಡ ದುಡಿಯಲು ಹೈದರಾಬಾದಿಗೆ ಹೋಗಿದ್ದ. ಪಕ್ಕದ ಮನೆಯ ಪಂಢರಿ, ಅವನ ಹೆಂಡತಿ ಭಾಗೀರಥಿ ಇಬ್ಬರೂ ಹೋದರು ಅಂತಲೇ ತಿಳಿದಿದ್ದೆವು. ನನ್ನ ಮೈದುನ ಮೋಶೆ ಮಾತ್ರ ಉಳಿದಿದ್ದ. ಮದುವೆಗಳಲ್ಲಿ ಗಿಟಾರ್ ಬಾರಿಸುತ್ತಿದ್ದ. ಗಾಜಿನ ವಾಲ್ವಿನ ಅವನ ಹಳೆಯ ಆಂಪ್ಲಿಫೈಯರ್ ಕೆಟ್ಟಿತ್ತು. ಔರಾದಿನ ಮದುವೆಯೊಳಗೆ ಅದು ಸರಿಯಾಗದಿದ್ದರೆ ಅವನೂ ಗಂಟುಮೂಟೆ ಕಟ್ಟಿ ಊರು ಬಿಡಬೇಕು.

ಬಾರಿಸಿದ ಸ್ವರಕ್ಕೆ ಬಾವಿಯಲ್ಲಿ ಕೂಗಿದ ಹಾಗೆ ಗುಂಗು ಬರಬೇಕು. ರಿವರ್ಬ್ ಅನ್ನುತ್ತಾರೆ. ಅದೇ ಸತ್ತಿತ್ತು. ವಾಲ್ವು ಬದಲಿಸಿದ. ವೈರು ಬದಲಿಸಿದ. ತಳದ ತಗಡಿನ ಡಬ್ಬಿ ತಟ್ಟಿದ. ನೆಟ್ಟಗಿದ್ದರೆ ಅದು ಗುಡುಗಬೇಕು, ಗುಡುಗಲಿಲ್ಲ. ಬಿಚ್ಚಿದರೆ, ಒಳಗೆ ಆ ಗುಂಗು ಹುಟ್ಟಿಸುವ ಉದ್ದನೆಯ ಸ್ಪ್ರಿಂಗು ತುಂಡಾಗಿತ್ತು.

"ವೈನಿ, ಪರದಾ ಕಟ್ಟೋ ಸ್ಪ್ರಿಂಗ್ ಸಿಕ್ರೂ ನಡೀತದ," ಅಂದ.

ಆ ರಾತ್ರಿ ಟ್ಯಾಂಕರಿನ ನೀರು ಹೊತ್ತು ಬತ್ತಿದ ಬಾವಿಯ ಮಗ್ಗುಲಿಂದ ಬರುತ್ತಿದ್ದೆ. ಪಂಢರಿಯ ಖಿಡಕಿ ತೆರೆದಿತ್ತು... ಒಳಗೆ ಬಳೆ ಸಪ್ಪಳ. ಕಿಣಿ... ಕಿಣಿ.

"ಯಾವಾಗ ಬಂದಿ, ಭಾಗೀರಥಿ?" ಮೆಲ್ಲಗೆ ಕೇಳಿದೆ.

ಬಳೆಯಷ್ಟೇ ಮತ್ತೆ ಕಿಣಿ ಅಂದಿತು. ಅವಳ ಡೌಲು ನನಗೆ ಹೊಸದೇ? ಪರದಾ ಸ್ಪ್ರಿಂಗ್ ಇದ್ದರೆ ಕೊಡು ಅಂದೆ. ಹಸಿರು ಬಳೆಯ ಕೈಯೊಂದು ಹೊರಗೆ ಬಂದು ನನ್ನ ಅಂಗೈಯಲ್ಲಿ ಸ್ಪ್ರಿಂಗು ಇಟ್ಟಿತು. ಉಗುರಿನ ತುಂಬ ಮಣ್ಣು. ಆ ಬರದಲ್ಲಿ ಯಾರ ಕೈ ಚೊಕ್ಕ ಇತ್ತು ಬಿಡಿ.

ಮೋಶೆ ಸ್ಪ್ರಿಂಗಿನ ಮೇಲಿನ ಬಿಳಿ ಪ್ಲಾಸ್ಟಿಕ್ ಸುಲಿದ. ಕೊಕ್ಕೆಗೆ ಉದ್ದನೆಯ ಕೂದಲು ಸಿಕ್ಕಿತ್ತು, ಕಿತ್ತು ಎಸೆದ. ಡಬ್ಬಿಯಲ್ಲಿ ಸ್ಪ್ರಿಂಗು ಬಿಗಿದ. ಒಂದೇ ತಂತಿ ಮೀಟಿದ.

ಸ್ವರ ಹೋಯಿತು... ಮರಳಿ ಬಂದದ್ದು ಸ್ವರವಲ್ಲ.

ಖ್... ಖ್ರ್ರ್... ಹಿಸುಕಿದ ಗಂಟಲು. ಆಮೇಲೆ ಧಪ್. ಧಪ್. ನೆಲದ ಫರ್ಸಿ ಕಲ್ಲಿಗೆ ತಲೆ ಕುಟ್ಟಿದ ಹಾಗೆ.

ಡಬ್ಬಿಯ ವೈರು ಕಿತ್ತ. ನಿಲ್ಲಲಿಲ್ಲ. ಪ್ಲಗ್ಗನ್ನೇ ಕಿತ್ತ. ವಾಲ್ವುಗಳು ಆರಬೇಕು... ಇನ್ನೂ ಕೆಂಪಾದವು. ಸ್ಪೀಕರಿನಿಂದ ಹೆಣ್ಣುದನಿ ಬಂತು.

"ಬಿಡ್ರೀ... ನಾಳಿಂದ ನಾನೇ ನೀರಿಗಿ ಹೋಗ್ತೇನ್ರೀ..."

ಗಂಡನಿಗೆ 'ರೀ' ಅನ್ನುವ ಆ ಎಳೆತ ಭಾಗೀರಥಿಯದೇ. ಗೋಡೆಯಾಚೆಯಿಂದ ದಿನವೂ ಕೇಳಿದ್ದು.

ಠಣ್!

ಸ್ಪ್ರಿಂಗು ಕಳಚಿ ಹಾರಿ ಮೋಶೆಯ ಕೊರಳಿಗೆ ಎರಡು ಸುತ್ತು ಬಿತ್ತು. ಬಿಗಿಯಿತು. ಅವನ ನಾಲಿಗೆ ಹೊರಬಂತು, ಕಾಲು ನೆಲಕ್ಕೆ ಬಡಿದವು. ನಾನು ಬೆರಳು ತೂರಿಸಿದೆ, ಬೆರಳೇ ಸೀಳಿತು. ತಂತಿ ಕತ್ತರಿಸುವ ಪಕ್ಕಡ ಕೈಗೆ ಸಿಕ್ಕಿತು. ಚರ್ಮದ ಸಮೇತ ಕತ್ತರಿಸಿದೆ. ರಕ್ತ ಗೋಡೆಗೆ ಸಿಡಿಯಿತು.

ಬದುಕಿದ. ಆದರೆ ಗಂಟಲು ಹೋಯಿತು, ಔರಾದಿನ ಮದುವೆಯೂ ಹೋಯಿತು. ಇವತ್ತಿಗೂ ಪಿಸುಮಾತೇ.

ಬೆಳಿಗ್ಗೆ ನಾನೇ ಪೊಲೀಸರನ್ನು ಕರೆತಂದೆ. ಪಂಢರಿಯ ಮನೆಯ ಬೀಗ ತುಕ್ಕು ಹಿಡಿದಿತ್ತು, ಒಡೆದರು. ಆ ಖಿಡಕಿಗೆ ಒಳಗಿನಿಂದ ಹಲಗೆ ಹೊಡೆದಿತ್ತು, ಮೊಳೆಯ ಮೇಲೆ ಜೇಡರ ಬಲೆ. ಅಡಿಗೆಮನೆಯಲ್ಲಿ ಹೊಸ ಸಿಮೆಂಟು ಕಂಡು ಫರ್ಸಿ ಎಬ್ಬಿಸಿದರು... ಭಾಗೀರಥಿ ಅಲ್ಲಿದ್ದಳು. ಹಸಿರು ಬಳೆ. ಕೊರಳು ಬರಿದು, ಸುತ್ತಲೂ ಸುರುಳಿಯ ಗುರುತು.

ಪಂಢರಿಯನ್ನು ಹೈದರಾಬಾದಿನಿಂದ ಹಿಡಿದು ತಂದರು. ನೀರಿನ ಸರದಿ ತಪ್ಪಿಸಿದಳು ಅಂತ ಪರದಾ ಸ್ಪ್ರಿಂಗಿನಿಂದ ಬಿಗಿದನಂತೆ. ಕೊರಳಿನಿಂದ ಅದನ್ನು ಬಿಚ್ಚದೆಯೇ ಹೂಳಿ, ಮೇಲೆ ಸಿಮೆಂಟು ಹಾಕಿದನಂತೆ. ಸಿಮೆಂಟು ಎಲ್ಲೂ ಬಿರಿದಿರಲಿಲ್ಲ. ನಾನೇ ನಿಂತು ನೋಡಿದ್ದೇನೆ. ನಂಬದಿದ್ದರೆ ಈ ಬೆರಳು ಮುಟ್ಟಿ ನೋಡಿ.

ಹವಾಲ್ದಾರ ಉಸ್ಮಾನ ಮಿಯಾ ತುಂಡು ಸ್ಪ್ರಿಂಗನ್ನು ಬೆಳಕಿಗೆ ಹಿಡಿದ. ನನ್ನತ್ತ ನೋಡಿ, ದನಿ ತಗ್ಗಿಸಿ ಕೇಳಿದ.

"ಫರ್ಸಿ ಕೆಳಗಿಂದು ನಿಮ್ಮ ಕೈಗಿ ಹ್ಯಾಂಗ ಬಂತ್ರಿ, ಅಕ್ಕಾ?"