ಬೋರ್ಡ್ ಬರೆಯುವವನ ರುಜು

ಊಹಿಸಿ ನೋಡೋಣ. ಪ್ಲಗ್ ಕಿತ್ತಿಟ್ಟ ಒಂದು ಯಂತ್ರ. ಅದಿರುವ ಕೋಣೆಯೊಳಗೆ ಬದುಕಿರುವ ಮನುಷ್ಯರು ಮೂರೇ ಜನ. ಸದ್ದು ಮಾಡಿದ್ದು ಮಾತ್ರ ನಾಲ್ಕನೆಯವನು... ಯಾರು? ಗೊತ್ತಾಗಲಿಲ್ಲವೇ? ಬಿಡಿ, ಆ ದೀಪ ಆರಿಸಿ, ಹೇಳುತ್ತೇನೆ. ನಿವೃತ್ತನಾದ ಮೇಲೆ ನನಗೆ ಇದಕ್ಕಿಂತ ಖುಷಿಯ ಕೆಲಸ ಇನ್ನೊಂದಿಲ್ಲ.

ಆದದ್ದು ನನ್ನ ಚಿಕ್ಕಪ್ಪನ ಕಿರಿಯ ಮಗನಿಗೆ. ತಮ್ಮ ಎಂದೇ ಕರೆಯುತ್ತೇನೆ. ಅವನೂ ಅವನ ಅಣ್ಣನೂ ಅಂಗಡಿಗಳ ಬೋರ್ಡ್ ಬರೆಯುವವರು. ಅಣ್ಣ ತೀರಿಕೊಂಡು ಆರು ವರ್ಷ. ಬರೆಯುವ ಮುಂಚೆ ಅವನು ನೀಲಿ ಪುಡಿ ಹಚ್ಚಿದ ದಾರವನ್ನು ಬೋರ್ಡಿನ ಮೇಲೆ ಬಿಗಿಹಿಡಿದು ಮೀಟುತ್ತಿದ್ದ. ಟಪ್! ಒಂದು ಗೆರೆ. ಟಪ್! ಕೆಳಗೆ ಇನ್ನೊಂದು. ಅವೆರಡರ ನಡುವೆ ಅಕ್ಷರ. ಕೊನೆಗೆ ಮೂಲೆಯಲ್ಲಿ ಎರಡೇ ಅಕ್ಷರದ ರುಜು.

ಒಂದು ಸಂಜೆ ತಮ್ಮ ಕೆಲಸ ಮುಗಿಸಿ, ಹಳೆಯ ಬಾವಿ ದಾಟಿ ಮನೆಗೆ ನಡೆದು ಬರುತ್ತಿದ್ದ. ಅಲ್ಲೊಂದು ಕಲಾ ಗ್ಯಾಲರಿ. ಗಾಜಿನೊಳಗೆ ಅಣ್ಣನ ಕೈಬರಹ... ಹಸಿ ಬಣ್ಣ!

ಒಳಗೆ ನುಗ್ಗಿದ. ಯಂತ್ರದ ಕೈಯೊಂದು ಬೋರ್ಡ್ ಬರೆಯುತ್ತಿತ್ತು. ‘ಮನುಷ್ಯ ಮತ್ತು ಕೃತಕ ಬುದ್ಧಿಯ ಸಂಬಂಧ: ಒಂದು ಶೋಧ’ ಎಂದು ಗೋಡೆಯ ಮೇಲೊಂದು ಚೀಟಿ, ಕೆಳಗೆ ಕಲಾವಿದನ ಹೆಸರು, ದಪ್ಪಗೆ. ಪ್ರತಿ ಬೋರ್ಡಿನ ಮೂಲೆಯಲ್ಲೂ ಅಣ್ಣನ ರುಜು, ಎರೆಹುಳದ ಹಾಗೆ ಸುರುಳಿ ಸುತ್ತಿಕೊಂಡು, ಓದಲು ಬಾರದಂತೆ.

“ಏನ್ರೀ ಇದು, ಮೂಲೇಲಿ?”

“ಅಲಂಕಾರ. ಊರಿನ ಬೋರ್ಡುಗಳ ನಾಲ್ಕು ಸಾವಿರ ಫೋಟೋ ನೋಡಿ ಯಂತ್ರ ತಾನೇ ಕಲ್ತಿದ್ದು,” ಎಂದ ಪಕ್ಕದಲ್ಲೇ ನಿಂತಿದ್ದ ಕಲಾವಿದ.

“ಅಲಂಕಾರ ಅಲ್ಲ ಸ್ವಾಮಿ, ನಮ್ಮಣ್ಣನ ರುಜು! ಏಣಿ ಮೇಲೆ ನಿಂತೂ ನಿಂತೂ ಸವೆದು ಹೋದ ಜೀವ. ಚೀಟೀಲಿ ಅವನ ಹೆಸರು ಹಾಕಿ.”

“ಎಲ್ಲರ ಹೆಸರೂ ಹಾಕ್ತಾ ಕೂತ್ರೆ ಗೋಡೆ ಸಾಲಲ್ಲ.”

“ನಿಮ್ಮ ಹೆಸರಿಗೆ ಮಾತ್ರ ಸಾಕಾಯ್ತಾ?”

ಅಣ್ಣನ ಹೆಸರೇನು ಎಂದಾದರೂ ಕೇಳಬೇಡವೇ ಆ ಮಹಾಶಯ! ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ತಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. “ಹೆಸರು ಹಾಕೋ ತನಕ ಏಳಲ್ಲ. ಏನ್ ಮಾಡ್ಕೋತೀರೋ ಮಾಡ್ಕೊಳ್ಳಿ.”

ಮುಚ್ಚುವ ಹೊತ್ತಾಗಿತ್ತು. ಕಾವಲುಗಾರ ಬೀಗದ ಕೈ ಹಿಡಿದು ಬಂದ. ಕಲಾವಿದ ಪ್ಲಗ್ ಕಿತ್ತ. ಯಂತ್ರದ ಕೈ ಕಿರ್ರ್... ಎಂದು ಜೋತುಬಿತ್ತು.

“ತಗೊಳ್ಳಿ, ನಿಮ್ಮಣ್ಣ ಮಲಗಿದ್ರು,” ಎಂದು ನಕ್ಕು ಬಾಗಿಲ ಕಡೆ ತಿರುಗಿದ.

ಟಪ್!

“ಯಾರ್ರೀ ಹೊಡೆದಿದ್ದು?”

ಯಾರೂ ಅಲುಗಾಡಿರಲಿಲ್ಲ. ಕಲಾವಿದನ ಬಿಳಿ ಅಂಗಿಯ ಬೆನ್ನ ಮೇಲೆ, ಭುಜದಿಂದ ಭುಜಕ್ಕೆ, ನೆಟ್ಟಗೆ ಒಂದು ನೀಲಿ ಗೆರೆ. ಕಾವಲುಗಾರನ ಕೈಯಿಂದ ಬೀಗದ ಕೈಗೊಂಚಲು ಝಲ್ ಎಂದು ಬಿತ್ತು.

ಟಪ್! ಒಂದು ಗೇಣು ಕೆಳಗೆ... ಇನ್ನೊಂದು.

“ಏನಾಗ್ತಿದೆ ಇದು...” ಕಲಾವಿದನ ದನಿ ಈಗ ಬರಿಯ ಉಸಿರು.

“ಎರಡು ಗೆರೆ ಬಿತ್ತಲ್ಲ,” ತಮ್ಮ ಪಿಸುಗುಟ್ಟಿದ. “ಇನ್ನು ಬರೆಯೋದೇ.”

ಸರ್ರ್... ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುವ ಸದ್ದು. ಕಲಾವಿದನ ಬೆನ್ನಿನ ಹಿಂದೆಯೇ.

ಕಲಾವಿದ ಗೋಡೆಗೆ ಓಡಿದ. ಜೇಬಿನ ಪೆನ್ನು ಎಳೆದು, ಚೀಟಿಯ ಮೇಲೆ ತನ್ನ ಹೆಸರಿಗಿಂತ ಮೇಲುಗಡೆ ಇನ್ನೊಂದು ಹೆಸರು ಬರೆದ. ಸದ್ದು ನಿಂತಿತು.

ಕಟ್ಟುಕತೆ ಎನ್ನುತ್ತೀರಾ? ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು, ಅಷ್ಟು ಸುಲಭಕ್ಕೆ ನಂಬುವವನಲ್ಲ. ಮಾರನೆಯ ದಿನ ನಾನೇ ಹೋಗಿ ಆ ಚೀಟಿ ನೋಡಿದೆ. ಅಣ್ಣನ ಹೆಸರು ಪೂರ್ತಿ ಇತ್ತು, ಅಜ್ಜನ ಹೆಸರಿನ ಸಮೇತ. ಅಣ್ಣ ಬರೆದ ಯಾವ ಬೋರ್ಡಿನಲ್ಲೂ ಆ ಪೂರ್ತಿ ಹೆಸರು ಇಲ್ಲ. ತಮ್ಮ ಹೇಳಿರಲಿಲ್ಲ. ಕಲಾವಿದ ಕೇಳಿಯೇ ಇರಲಿಲ್ಲ.

ನಡೆದದ್ದೇ ಇದು. ಮಾರ್ಚ್ ಹದಿನಾಲ್ಕು, ಗುರುವಾರ.