ಕಡೇ ಗುಂಡಿ ಮೊದಲು

ಒಂದು ಊರು. ಆ ಊರಿಗೊಬ್ಬ ದೊಡ್ಡ ಕುಳ. ಹೆಸರು ಇನ್ನಾಸಪ್ಪ. ಅಕ್ಕಿ ಗಿರಣಿ ಅವನದು, ಪೆಟ್ರೋಲ್ ಬಂಕು ಅವನದು, ದೇವಾಲಯದೊಳಗೆ ಮೊದಲ ಸಾಲಿನ ಬೆಂಚೂ ಹೆಚ್ಚುಕಡಿಮೆ ಅವನದೇ. ನೋಡಿ, ಕೆಲವರು ಆಗಲೇ ನಗುತ್ತಿದ್ದೀರಿ. ನಮ್ಮಂಥ ಪಾದ್ರಿಗಳ ಪ್ರಬೋಧನೆಯಲ್ಲಿ ಶ್ರೀಮಂತ ಬಂದ ಅಂದರೆ ಕೊನೆಗೆ ನರಕಕ್ಕೆ ಹೋಗುವವನು ಅವನೇ ಎಂದು ನಿಮಗೆ ಗೊತ್ತು. ಸ್ವಲ್ಪ ತಡೆಯಿರಿ. ಈ ಇನ್ನಾಸಪ್ಪ ಒಳ್ಳೆಯವನು. ಹಬ್ಬದ ಊಟಕ್ಕೆ ಕೇಳುವ ಮೊದಲೇ ಅಕ್ಕಿ ಕಳಿಸುವವನು. ಅವನಿಗಿದ್ದ ತೊಂದರೆ ಒಂದೇ. ಏನು ಬೇಕಾದರೂ ದೂರದಿಂದ ಕೊಡುತ್ತಿದ್ದ, ಹತ್ತಿರ ಬರುತ್ತಿರಲಿಲ್ಲ.

ಅದೇ ದೇವಾಲಯದ ಕಡೇ ಬೆಂಚಿನಲ್ಲಿ ಮೋನಿಕಮ್ಮ ಟೀಚರ್ ಕೂರುತ್ತಿದ್ದರು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಕಲಿಸುವ ವಿಶೇಷ ಶಾಲೆಯಲ್ಲಿ ಅವರು ಟೀಚರು. ಹುಡುಗಿಯಾಗಿದ್ದಾಗ ಆ ಶಾಲೆಯ ಮೆಟ್ಟಿಲು ಹತ್ತಿದರು. ಮದುವೆಯಾದರು, ಮಕ್ಕಳನ್ನು ಹೆತ್ತರು, ಗಂಡನನ್ನು ಮಣ್ಣು ಮಾಡಿದರು, ತಲೆ ಪೂರ್ತಿ ಬೆಳ್ಳಗಾಗುವವರೆಗೂ ಅದೇ ಶಾಲೆ. ದಿನಾ ಬೆಳಗ್ಗೆ ಚರ್ಚಿನಲ್ಲಿ ಬಲಿಪೂಜೆ, ಬಸ್ಸಿನಲ್ಲಿ ಜಪಸರ. ಹಾಗಂತ ಪಟದಲ್ಲಿರುವ ಸಂತರ ಹಾಗೆ ಕಣ್ಣು ಮುಚ್ಚಿ ಕೂತವರು ಎಂದುಕೊಳ್ಳಬೇಡಿ. ಬಾಯಿ ಜೋರು. ಬೀಗದ ಕೈ ಕಳೆದುಹೋದರೆ ಸಂತ ಅಂತೋಣಿಯವರ ಸ್ವರೂಪದ ಮುಂದೆ ನಿಂತು, "ಸಾಯಂಕಾಲದೊಳ್ಗೆ ಹುಡುಕ್ಕೊಡಿ, ಇಲ್ದಿದ್ರೆ ಮೊಂಬತ್ತಿ ಇಲ್ಲ" ಎಂದು ಗದರುತ್ತಿದ್ದರು. ಸಿಕ್ಕುತ್ತಿತ್ತು. ಸಂತರಿಗೂ ಟೀಚರ ಭಯ!

ಅವರು ಕಲಿಸುತ್ತಿದ್ದ ರೀತಿ ಕೇಳಿ. ಮಗುವಿಗೆ ಅಂಗಿ ಹಾಕಿಕೊಳ್ಳುವುದನ್ನು ನೀವು ಹೇಗೆ ಕಲಿಸುತ್ತೀರಿ? ತೋಳು ಏರಿಸು, ಕಾಲರ್ ಸರಿಮಾಡು, ಮೇಲಿನ ಗುಂಡಿಯಿಂದ ಶುರುಮಾಡು. ಅಷ್ಟರಲ್ಲಿ ಮಗು ಸೋತು ಅಳುತ್ತದೆ, ನಾವು ಸೋತು ಬೈಯುತ್ತೇವೆ. ಟೀಚರ್ ಹಾಗೆ ಮಾಡುತ್ತಿರಲಿಲ್ಲ. ಎಲ್ಲವನ್ನೂ ತಾವೇ ಮಾಡಿ, ಕಟ್ಟಕಡೆಯ ಗುಂಡಿಯನ್ನು ಅರ್ಧ ತೂರಿಸಿ, ಮಗುವಿನ ಕೈಗೆ ಬಿಡುತ್ತಿದ್ದರು. ಮಗು ಎಳೆಯಿತೋ, ಅಂಗಿ ಹಾಕಿಕೊಂಡಾಯಿತು! "ಭೇಷ್ ಕಣಪ್ಪ! ಯಾರು ಹಾಕ್ಕೊಂಡಿದ್ದು? ನೀನೇ!" ಎಂದು ಚಪ್ಪಾಳೆ. ಆ ಗುಂಡಿ ಕೈಗೆ ಕೂತ ಮೇಲೆ ಅದರ ಹಿಂದಿನದು, ಆಮೇಲೆ ಅದರ ಹಿಂದಿನದು. ದಿನವೂ ಪಾಠ ಮಗುವಿನ ಗೆಲುವಿನಿಂದಲೇ ಮುಗಿಯಬೇಕು, ಅದು ಅವರ ಹಟ. ಟೀಚರ ಈ ಗುಂಡಿ ಪಾಠ ಗೊತ್ತಿಲ್ಲದವರು ಆ ಊರಿನಲ್ಲಿರಲಿಲ್ಲ.

ಅವರ ಹಳೆಯ ವಿದ್ಯಾರ್ಥಿ ಒಬ್ಬನಿದ್ದ, ಚೌರಿ. ವಯಸ್ಸು ನಲವತ್ತರ ಹತ್ತಿರ. ಮಾತು ಕಡಿಮೆ, ನಗು ಜಾಸ್ತಿ. ತಾಯಿ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದ. ಅಣ್ಣ ಬಸ್ ಡ್ರೈವರ್, ಭಾನುವಾರವೂ ಡ್ಯೂಟಿ. ಹಾಗಾಗಿ ಟೀಚರೇ ಚೌರಿಯನ್ನು ಪೂಜೆಗೆ ಕರೆತರುತ್ತಿದ್ದರು. ಅವನು ವಾರದಲ್ಲಿ ಮನೆಯ ಹೊಸಿಲು ದಾಟುತ್ತಿದ್ದುದು ಅದೊಂದೇ ಸಲ.

ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರಿ ಎಂದಾಗ ನೀವೇನು ಮಾಡುತ್ತೀರಿ? ಎಡಕ್ಕೊಂದು ಕೈಮುಗಿತ, ಬಲಕ್ಕೊಂದು ಕೈಮುಗಿತ. ಹಿಂದಿನ ಬೆಂಚಿನವರ ಜೊತೆ ಜಗಳವಿದ್ದರೆ ತಿರುಗುವುದೂ ಇಲ್ಲ. ಚೌರಿ ಹಾಗಲ್ಲ. ಅವನಿಗೆ ಶಾಂತಿ ಅಂದರೆ ಎಲ್ಲರಿಗೂ ಶಾಂತಿ. ಕಡೇ ಬೆಂಚಿನಿಂದ ಹೊರಟು ಒಬ್ಬೊಬ್ಬರ ಕೈಯನ್ನೂ ಹಿಡಿದು ಕುಲುಕಿ ಮುಂದಿನ ಬೆಂಚು ಮುಟ್ಟುವಷ್ಟರಲ್ಲಿ ಗಾಯಕವೃಂದ ಮುಂದಿನ ಹಾಡನ್ನೂ ಮುಗಿಸಿ ಸುಮ್ಮನೆ ನಿಂತಿರುತ್ತಿತ್ತು. ಅವನ ಕೈ ಜೊಲ್ಲಿನಿಂದ ಒದ್ದೆ. ಸರಿಯಾಗಿ ಅದೇ ಹೊತ್ತಿಗೆ ಇನ್ನಾಸಪ್ಪ ಕಣ್ಣು ಮುಚ್ಚಿ ಧ್ಯಾನದಲ್ಲಿ ಮುಳುಗಿಬಿಡುತ್ತಿದ್ದ. ಆಹಾ, ಎಂಥ ಭಕ್ತಿ!

ಹೀಗಿರುವಾಗ ಟೀಚರ ಮಂಡಿ ಕೈಕೊಟ್ಟಿತು. ವಯಸ್ಸು ಎಂಬತ್ತು ದಾಟಿತ್ತು. ಕೋಲು ಹಿಡಿದು ತಾವು ಬರುವುದೇ ಕಷ್ಟ, ಇನ್ನು ಚೌರಿಯನ್ನು ಹಿಡಿದು ಬರುವುದೆಲ್ಲಿ? ತಾವು ಹಾಸಿಗೆ ಹಿಡಿದರೆ ಅವನ ಭಾನುವಾರಗಳೂ ನಾಲ್ಕು ಗೋಡೆಯೊಳಗೇ ಕಳೆಯುತ್ತವೆ ಎಂದು ಅವರಿಗೆ ಗೊತ್ತಿತ್ತು. ಸಾವಿಗೆ ಹೆದರದ ಹೆಂಗಸು ಅದಕ್ಕೆ ಹೆದರಿದರು.

ಆ ವರ್ಷದ ಹಬ್ಬದಲ್ಲಿ ಅವರಿಗೆ ಸನ್ಮಾನ ಮಾಡಬೇಕೆಂದು ಇನ್ನಾಸಪ್ಪನೇ ಮುಂದಾಗಿ ಅವರ ಮನೆಗೆ ಹೋದ.

"ಶಾಲು ಬೇಡಪ್ಪ, ಬೀರು ತುಂಬೋಗಿದೆ," ಎಂದರು ಟೀಚರ್. "ಭಾನುವಾರ ಚೌರೀನ ಯಾರಾದ್ರೂ ಪೂಜೆಗೆ ಕರ್ಕೊಂಡ್ ಬಂದ್ರೆ ಸಾಕು. ನೀನು ಕರ್ಕೊಂಡ್ ಬರ್ತೀಯಾ?"

ಇನ್ನಾಸಪ್ಪ ಕೈಮುಗಿದೇಬಿಟ್ಟ. "ಅಯ್ಯೋ ಟೀಚರಮ್ಮ! ನೀವು ಸಂತರು. ನಿಮ್ಮ ತಾಳ್ಮೆ ನಮಗೆಲ್ಲಿಂದ ಬರ್ಬೇಕು? ಒಂದು ಆಟೋ ಗೊತ್ತು ಮಾಡ್ಕೊಡ್ತೀನಿ ಬಿಡಿ."

ಕೇಳಿದಿರಾ? ಕೆಲಸದಿಂದ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಉಂಟೇ? ಯಾರಾದರೂ ಒಬ್ಬರನ್ನು ಸಂತರನ್ನಾಗಿ ಮಾಡಿಬಿಡುವುದು. ಅವರು ಪೀಠದ ಮೇಲೆ, ನಾವು ಆರಾಮಾಗಿ ಕೆಳಗೆ.

ಟೀಚರ್ ವಾದ ಮಾಡಲಿಲ್ಲ. "ಆಟೋನೇ ಕಳ್ಸಪ್ಪ" ಎಂದರು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ತಾವು ಆಟೋದಲ್ಲಿ ಕೂತುಕೊಂಡು, ಗೇಟಿನ ಹತ್ತಿರ ನಿಂತಿದ್ದ ಇನ್ನಾಸಪ್ಪನನ್ನು ಕರೆದರು. "ಇವನನ್ನ ಒಸಿ ಹತ್ತಿಸಿಬಿಡಪ್ಪ, ನನ್ನ ಕೈಲಾಗಲ್ಲ." ಗೇಟಿಗೂ ಆಟೋಗೂ ಏನು ಮಹಾ ದೂರ? ಜನ ಬೇರೆ ನೋಡುತ್ತಿದ್ದರು. ಇನ್ನಾಸಪ್ಪ ಚೌರಿಯ ಮೊಣಕೈ ಹಿಡಿದು ಹತ್ತಿಸಿದ. ಚೌರಿ ತಲೆ ಹೊರಹಾಕಿ, ತಿರುವು ದಾಟುವವರೆಗೂ ಅವನಿಗೆ ಕೈ ಬೀಸಿದ. "ಭೇಷ್!" ಎಂದು ಟೀಚರ್ ಒಳಗಿನಿಂದಲೇ ಚಪ್ಪಾಳೆ ತಟ್ಟಿದರು. ದೊಡ್ಡ ಕುಳ ನಾಚಿಕೊಂಡ. ಆದರೆ ಮನೆಗೆ ಹೋಗುವಾಗ ಯಾಕೋ ಖುಷಿಯಾಗಿತ್ತು.

ಕೆಲವು ವಾರ ಅಷ್ಟೇ ಕೆಲಸ. ಆಮೇಲೆ ಗೇಟಿನಿಂದಲ್ಲ, ದೇವಾಲಯದ ಬಾಗಿಲಿನಿಂದ. ಆಮೇಲೆ ಪರಮಪ್ರಸಾದದ ಸಾಲಿನಿಂದ. ಆಮೇಲೆ ಅದಕ್ಕೂ ಮೊದಲು, ಶಾಂತಿ ಕೋರುವ ಹೊತ್ತಿಗೆ ಪಕ್ಕದಲ್ಲೇ ನಿಲ್ಲಬೇಕಾಯಿತು. ಕಣ್ಣು ಮುಚ್ಚಲು ಪುರುಸೊತ್ತು ಸಿಗಲಿಲ್ಲ, ಒದ್ದೆ ಕೈ ಅವನ ಕೈಯೊಳಗೆ ಬಂದೇಬಿಟ್ಟಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಜೇಬಿನಲ್ಲಿ ಕರವಸ್ತ್ರ ಇತ್ತಲ್ಲ? ಮೊದಲು ಚೌರಿಯ ಕೈ ಒರೆಸಿದ, ಆಮೇಲೆ ತನ್ನದು. ಮಳೆಗಾಲ ಮುಗಿಯುವಷ್ಟರಲ್ಲಿ ಅಣ್ಣನ ಮನೆಗೆ ತಾನೇ ಕಾರು ತೆಗೆದುಕೊಂಡು ಹೋಗಿ, ಚೌರಿಯ ತಲೆ ಬಾಚಿ ಕರೆತರುತ್ತಿದ್ದ. ಅಷ್ಟರಲ್ಲಿ ಟೀಚರ್ ಹಾಸಿಗೆ ಹಿಡಿದಿದ್ದರು.

ಒಂದು ದಿನ ನೋಡಲು ಹೋದವನು ಹೆಮ್ಮೆಯಿಂದ ಹೇಳಿದ. "ಟೀಚರಮ್ಮ, ಈಗ ಅವನ್ನ ಎಲ್ಲಾ ನಾನೇ ನೋಡ್ಕೋತೀನಿ. ಮನೆಯಿಂದ ಮನೇವರ್ಗೂ."

"ಗೊತ್ತಪ್ಪ. ಕಡೇ ಗುಂಡಿಯಿಂದ ಶುರು ಮಾಡಿಸ್ದೆ," ಎಂದರು ಟೀಚರ್. "ಆದ್ರೂ ನೀನು ಒಸಿ ನಿಧಾನ ಕಣೋ. ಚೌರಿ ನಿನಗಿಂತ ಬೇಗ ಕಲ್ತಿದ್ದ."

ಇನ್ನಾಸಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನಕ್ಕ. ನಗುತ್ತ ನಗುತ್ತಲೇ ಅತ್ತ.

ಟೀಚರ್ ತೀರಿಕೊಂಡಾಗ ಬಿಷಪರು ಬಂದಿದ್ದರು. ಇನ್ನಾಸಪ್ಪನ ತೋಳು ಹಿಡಿದು ಅಳುತ್ತಿದ್ದ ಚೌರಿಯನ್ನು ನೋಡಿ, "ಇವರು ಯಾರ ಕಡೆಯವರು?" ಎಂದು ಕೇಳಿದರು. ಮೊದಲಾಗಿದ್ದರೆ ಇಡೀ ಊರು "ಟೀಚರ್ ಕಡೆಯೋನು" ಅನ್ನುತ್ತಿತ್ತು. "ನಮ್ಮೋನೇ ಸ್ವಾಮಿ, ನಮ್ಮನೆಯೋನು" ಎಂದ ಇನ್ನಾಸಪ್ಪ.

ಗಡಿಯಾರ ನೋಡಬೇಡಿ. ಇನ್ನಾಸಪ್ಪನ ಕಥೆ ಮುಗಿಯಿತು, ನಿಮ್ಮದು ಮುಗಿದಿಲ್ಲ. ನಮ್ಮ ದೇವಾಲಯದ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ವಾರವಾರವೂ ಒಬ್ಬ ತಾಯಿ ಮಗಳನ್ನು ಹಿಡಿದುಕೊಂಡು ನಿಂತಿರುತ್ತಾರೆ. ಯಾಕೆ ಹೊರಗೆ? ಮಗಳು ಕೂಗುತ್ತಾಳೆ, ನಾವು ತಿರುಗಿ ನೋಡುತ್ತೇವೆ, ಅದಕ್ಕೆ. ನೀವು ನನ್ನ ಹತ್ತಿರ ಬಂದು ಏನು ಹೇಳುತ್ತೀರಿ? 'ಫಾದರ್, ಆಯಮ್ಮನ ತಾಳ್ಮೆ ದೊಡ್ಡದು.' ತಾಳ್ಮೆ ಅಲ್ಲ, ಅವರಿಗೆ ಬೇರೆ ದಾರಿಯಿಲ್ಲ. ಅವರಿಗೆ ಸುಸ್ತಾಗಿದೆ. ನಿಮ್ಮ ಹೊಗಳಿಕೆಯಿಂದ ಅವರ ಕಾಲುನೋವು ಹೋಗುವುದಿಲ್ಲ.

ಲೋಕವನ್ನೆಲ್ಲ ಪ್ರೀತಿಸಿ ಎಂದು ನಾನು ಇವತ್ತು ಹೇಳುವುದಿಲ್ಲ. ಅದು ಮೇಲಿನ ಗುಂಡಿ, ಅಲ್ಲಿಂದ ಶುರುಮಾಡಿದರೆ ಅಳುತ್ತೀರಿ. ಪೂಜೆಯಾದ ಮೇಲೆ ಹೊರಗೆ ಕಾಫಿ ಕೊಡುತ್ತಾರಲ್ಲ, ಆ ತಾಯಿ ಬಿಸಿ ಬಿಸಿಯಾಗಿ ಒಂದು ಲೋಟ ಕುಡಿದು ಮುಗಿಸುವವರೆಗೆ ಮಗಳ ಕೈ ಹಿಡಿದುಕೊಳ್ಳಿ. 'ಇವಳ ಹೆಸರೇನು' ಎಂದು ತಾಯಿಯನ್ನು ಕೇಳಬೇಡಿ. ಮಗಳನ್ನೇ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ತಡವಾಗುತ್ತದೆ, ಆಗಲಿ. ಮನೆಯಲ್ಲೂ ಅಷ್ಟೇ. ಅಮ್ಮನಿಗೆ ಊಟ ಮಾಡಿಸಲು ನಿಮ್ಮ ಹೆಂಡತಿ ಇದ್ದಾಳೆ, ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯಲು ತಮ್ಮ ಇದ್ದಾನೆ, 'ಅವರು ನೋಡ್ಕೋತಾರೆ ಬಿಡಿ' ಅನ್ನುತ್ತೀರಲ್ಲ? ಆ ಮಾತನ್ನು ಇವತ್ತಿಗೆ ನಿಲ್ಲಿಸಿ. ಕಡೆಯ ತುತ್ತನ್ನಾದರೂ ನೀವು ತಿನ್ನಿಸಿ.

ಈಗ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳಬೇಕು. ಹೇಳೋಣ. ಅದಕ್ಕೆ ಮುಂಚೆ ಹಿಂದಿನ ಸಾಲಿನವರು ಸ್ವಲ್ಪ ಸರಿಯಿರಿ. ಇನ್ನೂ ಸ್ವಲ್ಪ. ಇಬ್ಬರು ಕೂರಬೇಕು. ಬನ್ನಿ ತಾಯಿ, ಮಗಳನ್ನು ಕರೆದುಕೊಂಡು ಒಳಗೆ ಬನ್ನಿ. ಕೂಗಿದರೆ ಕೂಗಲಿ, ನಾವು ಕಾಯುತ್ತೇವೆ.