ಮಾಳಿ ತೋಡಿದ ಹಿಮದ ಗುಂಡಿ

ಕೇಳ್ರಪ್ಪೋ ಕೇಳಿ, ಕೂತವ್ರೂ ಕೇಳಿ, ನಿಂತವ್ರೂ ಕೇಳಿ! ಒಂದಾನೊಂದು ಸೀಮೆ, ಹೆಸರು ಮಾತ್ರ ಕೇಳ್ಬೇಡಿ. ಅಲ್ಲಿ ಹೊಲದ ಮೇಲೆ ಹಿಮ, ಹಟ್ಟಿ ಮೇಲೆ ಹಿಮ, ಅಜ್ಜನ ಮೀಸೆ ಮೇಲೂ ಹಿಮ. ಆ ಸೀಮೇಲಿ ಮಾಳಿ ಅಂತ ಒಬ್ಳು ಹುಡ್ಗಿ. ಕುರಿ ಕಾದು ಕಾದು ಹಿಮದ ಗುಣ ಎಲ್ಲಾ ತಿಳಿದೋಳು. ಗುಡ್ಡದ ಆಚೆ ಊರಿನ ಬೋರನ ಜೊತೆ ಅವಳ ಮದ್ವೆ ಆಯ್ತು.

ಅಲ್ಲೊಂದು ಕಟ್ಟಳೆ. ಹೆಣ್ಣಿನ ಸೆರಗಿಗೂ ಗಂಡಿನ ಶಲ್ಯಕ್ಕೂ ಹಾಕಿದ ಗಂಟನ್ನ ಗಂಡನ ಮನೆ ಹೊಸಿಲು ದಾಟೋ ತನಕ ಬಿಚ್ಚಂಗಿಲ್ಲ. ದಿಬ್ಬಣ ಒಬ್ರಿಗೊಬ್ರು ಅಂಟ್ಕೊಂಡೇ ನಡೀಬೇಕು. ಸಂದಿ ಬಿಟ್ರೆ ಪೀಡೆ ನುಗ್ತದಂತೆ! ಇದೆಲ್ಲ ಹಿಮಕ್ಕೆ ಗೊತ್ತಾ?

ಮೂವತ್ತು ಜನ ಹೊರಟ್ರು. ಕಡಿದಾದ ಇಳಿಜಾರು ಎದುರಾಯ್ತು. ನುಣ್ಣಗೆ, ಬೆಳ್ಳಗೆ, ನೋಡೋಕೆ ಚೆಂದ. ಮಾಳಿ ಅಂಚಿನ ಬಂಡೆ ಹತ್ರ ನಿಂತ್ಳು. ಸಲಿಕೆ ಇಸ್ಕೊಂಡು ಸೊಂಟದುದ್ದ ಗುಂಡಿ ತೋಡಿದ್ಳು. ಗುಂಡಿ ಗೋಡೆಗೆ ಮೇಲ್ಗಡೆ ಮುಷ್ಟಿ ಒತ್ತಿದ್ಳು, ಹೋಗ್ಲಿಲ್ಲ. ಕೆಳಗೆ ಒತ್ತಿದ್ಳು, ಪುಸಕ್ಕಂತ ಒಳಗೆ ಹೋಯ್ತು. ಬೊಗಸೇಲಿ ತೆಗೆದ್ಳು, ರವೆ ಥರ ಉದುರ್ತು.

"ಮಾವ, ಮೇಲೆ ರಾತ್ರಿ ಗಾಳಿ ಪೇರಿಸಿದ ಗಟ್ಟಿ ಹಿಮ. ಕೆಳಗೆ ಬರೀ ರವೆ. ಕಾಲಿಟ್ರೆ ಎಲ್ಲಾ ಜಾರ್ತದೆ. ಸುತ್ತು ದಾರೀಲಿ ಹೋಗೋಣ."

ಮಾವ ತಿಪ್ಪಯ್ಯ ಕೆರಳಿದ. "ನಿನ್ನೆ ಇಲ್ಲೇ ದಾಟಿ ಬಂದಿದ್ದೀವಿ. ನಡಿ!"

"ಬರಲ್ಲ ಮಾವ."

"ಹೊತ್ತು ಮುಳುಗೋದ್ರೊಳಗೆ ಮನೆ ತುಂಬಬೇಕು. ನಡಿ!"

"ಬರಲ್ಲ ಮಾವ."

"ಬಂದ್ರೆ ಸೊಸೆ. ಇಲ್ದಿದ್ರೆ ತೌರಿಗೆ ಹೋಗು!"

ಮದ್ವೆ ದಿನವೇ ತೌರಿಗೆ ವಾಪಸ್ಸಾ? ಮಾಳಿ ಕಣ್ಣು ತುಂಬ್ಕೊಂಡ್ವು. ಆದ್ರೂ ಗುಂಡೀಲಿ ಕೂತೇಬಿಟ್ಳು. ಗಂಟು ಜಗ್ಗಿತು, ಬೋರನೂ ದೊಪ್ಪಂತ ಕೂತ! ಈಗೇನ್ಮಾಡ್ತಾನೆ ತಿಪ್ಪಯ್ಯ? ಗಂಟು ಬಿಚ್ಚಂಗಿಲ್ಲ, ಮದುಮಕ್ಕಳನ್ನ ಬಿಟ್ಟು ಹೋಗಂಗಿಲ್ಲ. ಬೈದ, ಕುಣಿದ, ಸುಸ್ತಾಗಿ ಅವನೂ ಕೂತ.

ಬಿಸಿಲು ಏರ್ತು. ಧಡ್! ಗುಡ್ಡದ ನೆತ್ತೀಲಿ ಬಿರುಕು ಬಿಡ್ತು. ಇವ್ರು ಕೂತಿದ್ದ ಬಂಡೆ ಅಂಚು ಬಿಟ್ಟು ಇಡೀ ಇಳಿಜಾರು ಕಿತ್ಕೊಂಡು, ಕೆಳಗಿನ ಮರಗಳನ್ನ ಮುರ್ಕೊಂಡು ಹೋಯ್ತು. ಹಿಮದ ಪುಡಿ ಇವ್ರ ಮುಖಕ್ಕೆ ರಾಚ್ತು.

ತಿಪ್ಪಯ್ಯ ಮುಖದ ಹಿಮ ಒರೆಸ್ಕೊಂಡು ಕೇಳ್ದ, "ತಾಯಿ, ಸುತ್ತು ದಾರೀಲಿ ಹೆಂಗೆ ಹೋಗ್ಬೇಕು?"

"ಒಬ್ಬೊಬ್ರೇ ಮಾವ, ನಡುವೆ ದೂರ ಬಿಟ್ಟು. ಒಬ್ರು ಹಿಮದಲ್ಲಿ ಹೂತೋದ್ರೆ, ಅಗೆದು ತೆಗೆಯೋಕೆ ಮಿಕ್ಕವ್ರು ಇರ್ಬೇಕಲ್ಲ?"

ಮಾವ ಮಂಡಿ ಊರಿದ. ಮರಗಟ್ಟಿದ ಬೆರಳಲ್ಲಿ, ಎಲ್ಲರ ಎದುರಿಗೆ, ತಾನೇ ಆ ಗಂಟು ಬಿಚ್ಚಿದ. "ಮುಂದೆ ನಡಿ ತಾಯಿ. ನಿನ್ನ ಹೆಜ್ಜೆ ಮೇಲೇ ನಾವೆಲ್ಲ ಕಾಲಿಡ್ತೀವಿ" ಅಂದ.

ಹೊತ್ತು ಮುಳುಗಿ ಎಷ್ಟೋ ಆದ್ಮೇಲೆ ಊರು ಸೇರಿದ್ರು, ಮೂವತ್ತಕ್ಕೆ ಮೂವತ್ತೂ. ಅವ್ರು ಮನೆ ಹೊಕ್ಕರು, ನನ್ನ ಕಥೆ ಗುಡ್ಡ ಇಳೀತು. ನೀವೂ ನೋಡ್ಕೊಂಡು ಹೆಜ್ಜೆ ಇಡಿ, ಹೋಗ್ಬನ್ನಿ.